ಡಿಸೈನರ್‌ನಲ್ಲೇ ಕೂತ ನಮ್ಮ ಡಯಲ್: ನನ್ನ ಅನುಭವ

ಕ್ಯೂಟಿ ಅಂದರೆ ಸಿ++ ಪ್ರೋಗ್ರಾಂಗಳಿಗೆ ಸ್ಕ್ರೀನ್ ಕಟ್ಟುವ ಟೂಲ್‌ಕಿಟ್; ಆ ಸ್ಕ್ರೀನ್‌ಗಳನ್ನು ಎಳೆದು ಬಿಟ್ಟು ಜೋಡಿಸುವ ಸಾಧನ ಕ್ಯೂಟಿ ಡಿಸೈನರ್. ಸ್ವಂತ ವಿಜೆಟ್ (ಬಟನ್, ಡಯಲ್‌ನಂಥ ಸ್ಕ್ರೀನ್ ಭಾಗ) ಇದ್ದರೆ ಡಿಸೈನರ್ ಬಿಡು, ಕೋಡ್‌ನಲ್ಲೇ ಬರೆದುಕೋ ಎಂದು ಜೊತೆಯವರೆಲ್ಲ ಹೇಳಿದ್ದರು. ಈಗ ನಮ್ಮ ಹತ್ತು ಹನ್ನೆರಡು ವಿಜೆಟ್‌ಗಳು ಅದರ ವಿಜೆಟ್ ಬಾಕ್ಸ್‌ನಲ್ಲೇ ಇವೆ. ಎಳೆದು ಫಾರ್ಮ್ ಮೇಲೆ ಬಿಟ್ಟರೆ ಡಯಲ್ ಮುಳ್ಳಿನ ಸಮೇತ ಕಾಣುತ್ತದೆ.

ಪ್ರಮೋಟ್ ಮಾಡಿಯೇ ಶುರು ಮಾಡಿದ್ದು, ಅಂದರೆ ಫಾರ್ಮ್ ಮೇಲೆ ಸಾದಾ ವಿಜೆಟ್ ಇಟ್ಟು ಅದಕ್ಕೆ ನಮ್ಮ ಕ್ಲಾಸಿನ ಹೆಸರು ಕೊಡುವುದು. ಪ್ರೋಗ್ರಾಂ ಓಡುತ್ತಿತ್ತು. ಆದರೆ ಡಿಸೈನರ್‌ನಲ್ಲಿ ಬರೀ ಖಾಲಿ ಚೌಕ. ಮುಳ್ಳಿನ ಬಣ್ಣ ನೋಡಬೇಕೆಂದರೂ ಬಿಲ್ಡ್ ಮಾಡಬೇಕು. ಅಷ್ಟಕ್ಕೆ ಡಿಸೈನರ್ ಯಾಕೆ ಬೇಕು, ಅಲ್ವಾ?

ಆಗಲೇ ಒಂದು ರೆಡಿಮೇಡ್ ಗೇಜ್ (ಡಯಲ್‌ನಂಥ ಮಾಪಕ) ವಿಜೆಟ್‌ಗಳ ಪ್ಯಾಕ್ ಕೊಂಡೆವು. ಪ್ರಾಜೆಕ್ಟ್ ದುಡ್ಡಿನಲ್ಲಿ ಸುಮಾರು ಆರನೇ ಒಂದು ಪಾಲು ಅದಕ್ಕೇ ಹೋಯಿತು. ಬಂದದ್ದು ಕಂಪೈಲ್ ಆದ ಬೈನರಿ ಮಾತ್ರ, ಸೋರ್ಸ್ ಕೋಡ್ ಇಲ್ಲ. ನಮ್ಮ ಕ್ಯೂಟಿ ಆವೃತ್ತಿಗೆ ಹೊಂದುವ ಬಿಲ್ಡ್ ಕೇಳಿದರೆ ಮತ್ತೆ ದುಡ್ಡು ಎಂದರು. ಆ ಪ್ಯಾಕ್ ಬದಿಗಿಟ್ಟು ಸ್ವಂತ ಪ್ಲಗಿನ್ (ನಮ್ಮ ವಿಜೆಟ್‌ಗಳನ್ನು ಡಿಸೈನರ್‌ಗೆ ಸೇರಿಸುವ ಲೈಬ್ರರಿ) ಬರೆಯಲು ಕೂತೆ.

ನಿಜವಾದ ಗೋಳು ಅಲ್ಲಿಂದ ಶುರು. ಬೇರೆಯಾಗಿ ತೆರೆಯುವ ಡಿಸೈನರ್‌ನಲ್ಲಿ ಪ್ಲಗಿನ್ ಬಂತು, ಕೋಡ್ ಬರೆಯುವ ಕ್ಯೂಟಿ ಕ್ರಿಯೇಟರ್ ಒಳಗಿನ ಡಿಸೈನರ್‌ನಲ್ಲಿ ಬರಲಿಲ್ಲ. ಕ್ರಿಯೇಟರ್ ಅನ್ನು ಯಾವ ಕಂಪೈಲರ್, ಯಾವ ಕ್ಯೂಟಿಯಿಂದ ಕಟ್ಟಿದ್ದಾರೋ ಪ್ಲಗಿನ್ ಅದಕ್ಕೇ ಹೊಂದಬೇಕು. ನಾವು ಒಳಗಿನದನ್ನು ಬಿಟ್ಟು ಹೊರಗಿನದನ್ನೇ ಬಳಸುತ್ತೇವೆ. ಲೋಡ್ ಆಗದಿದ್ದರೆ ಹೆಲ್ಪ್ ಮೆನುವಿನ ಅಬೌಟ್ ಪ್ಲಗಿನ್ಸ್ ನೋಡಿ, ಕಾರಣ ಅಲ್ಲೇ ಬರೆದಿರುತ್ತದೆ.

ಇನ್ನೊಂದು ಕಾಟ. ಡಿಸೈನರ್ ನಮ್ಮ ಕ್ಲಾಸನ್ನು ನಿಜವಾಗಿಯೇ ಹುಟ್ಟುಹಾಕುತ್ತದೆ, ಕನ್‌ಸ್ಟ್ರಕ್ಟರ್ (ಹುಟ್ಟುವಾಗಲೇ ಓಡುವ ಕೋಡ್) ಓಡುತ್ತದೆ. ಹಳೆಯ ಡಯಲ್ ಅಲ್ಲೇ ಡೇಟಾ ಓದಲು ಸೀರಿಯಲ್ ಪೋರ್ಟ್ ತೆರೆಯುತ್ತಿತ್ತು. ಎಳೆದು ಬಿಟ್ಟ ಕೂಡಲೇ ಇಡೀ ಡಿಸೈನರ್ ಕ್ರ್ಯಾಶ್! ಈಗ ವಿಜೆಟ್ ಚಿತ್ರ ಬಿಡಿಸುತ್ತದೆ ಅಷ್ಟೇ, ಡೇಟಾ ಹೊರಗಿನಿಂದ ಬರುತ್ತದೆ. ಕನಿಷ್ಠ, ಗರಿಷ್ಠ, ಬಣ್ಣ ಎಲ್ಲವನ್ನೂ ಕ್ಯೂ_ಪ್ರಾಪರ್ಟಿ (ಡಿಸೈನರ್ ಓದಬಲ್ಲ ಗುಣ) ಮಾಡಿದೆ, ಪ್ರಾಪರ್ಟಿ ಎಡಿಟರ್‌ನಲ್ಲಿ ತಾವಾಗಿಯೇ ಬಂದವು. ಡಿಸೈನರ್ ಒಳಗೇ ಮುಳ್ಳು ಮೆಲ್ಲಗೆ ಆಡುವಂತೆಯೂ ಮಾಡಿದ್ದೇನೆ. ಹೇಗೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ನೆ ಗ್ಲೇಡ್‌ನಲ್ಲೂ ಕೈಯಾಡಿಸಿದೆ, ಅದು ಜಿಟಿಕೆ ಎಂಬ ಇನ್ನೊಂದು ಟೂಲ್‌ಕಿಟ್‌ನ ಡಿಸೈನರ್. ಅಲ್ಲಿ ಎಕ್ಸ್‌ಎಂಎಲ್ ಕ್ಯಾಟಲಾಗ್ ಬರೆದು ಲೈಬ್ರರಿ ತೋರಿಸಬೇಕು. ಆ ಪದ್ಧತಿ ನನಗೆ ಇಷ್ಟವಾಯಿತು. ಆದರೆ ಗ್ಲೇಡ್ ಜಿಟಿಕೆ 4ಕ್ಕೆ ಬರುವುದಿಲ್ಲ, ಬಿಟ್ಟೆ.

ಮೊದಲು ಅರ್ಧ ದಿನ ತಿನ್ನುತ್ತಿದ್ದ ಸ್ಕ್ರೀನ್ ಬದಲಾವಣೆ ಈಗ ಹತ್ತು ನಿಮಿಷದ ಕೆಲಸ. ಸಿ++ ಗೊತ್ತಿಲ್ಲದವರೂ ಲೇಔಟ್ ಮಾಡುತ್ತಿದ್ದಾರೆ. ಬಾಕಿ ಇರುವುದು ಹಲವು ಪುಟದ ಕಂಟೇನರ್, ಅಂದರೆ ಒಳಗೆ ಬೇರೆ ವಿಜೆಟ್‌ಗಳನ್ನು ಇಡುವ ವಿಜೆಟ್. ಅದಕ್ಕೆ ಬೇರೆ ಎಕ್ಸ್‌ಟೆನ್ಶನ್ ಬರೆಯಬೇಕು, ಅರ್ಧ ಆಗಿದೆ.