ಬೆನ್ನಿನ ಪೊರೆ ಬಿಡಿಸಿದ್ದು ಹೀಗೆ: ಗ್ರಾಫಿಕ್ಸ್ ಇಲ್ಲದ ಹಾರರ್ ಮೇಕಪ್, ನನ್ನ ಅನುಭವ

ಗ್ರಾಫಿಕ್ಸ್ ಮುಟ್ಟದೆ ಒಬ್ಬ ಹುಡುಗಿ ಹಾವಿನಂತೆ ಪೊರೆ ಬಿಡುವುದನ್ನು ತೋರಿಸುತ್ತೇನೆ ಅಂದಾಗ ಚಿತ್ರತಂಡದಲ್ಲಿ ಯಾರೂ ನಂಬಲಿಲ್ಲ. ಕಥೆ ಸಣ್ಣದು. ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ. ಮೊದಲು ಕಿವಿಯ ಹಿಂದೆ ತುರಿಕೆ, ಆಮೇಲೆ ಬೆನ್ನಿನ ಚರ್ಮ ಸಡಿಲ, ಕೊನೆಗೆ ಬೆನ್ನು ಸೀಳಿ ಒಳಗೆ ಬೇರೆಯದೇ ಚರ್ಮ. "ಕೊನೆಗೆ ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳೋಣ ಬಿಡಿ" ಅಂತ ಎಲ್ಲರದ್ದೂ ಒಂದೇ ಮಾತು. ನಾನು ಬಿಡಲಿಲ್ಲ. ಬೆನ್ನು ಸೀಳುವ ಶಾಟ್ ಈಗ ಒಂದೇ ಟೇಕ್‌ನಲ್ಲಿದೆ. ಒಂದು ಫ್ರೇಮನ್ನೂ ತಿದ್ದಿಲ್ಲ.

ನಕಲಿ ಚರ್ಮಕ್ಕೆ ಮೊದಲು ಹಿಡಿದದ್ದು ಜೆಲಾಟಿನ್. ಅಗ್ಗ, ಬೇಗ ಆಗುತ್ತದೆ, ನೋಡಲು ಚರ್ಮದಂತೆಯೇ. ಆದರೆ ಮೈ ಬಿಸಿಗೇ ಮೆತ್ತಗಾಗುವ ವಸ್ತು. ಲೈಟ್ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಅಂಚೆಲ್ಲ ಕರಗಿ ಜಾರಿತು. ಫೋಮ್ ಲ್ಯಾಟೆಕ್ಸ್, ಅಂದರೆ ಸ್ಪಂಜಿನಂಥ ರಬ್ಬರ್, ಹಗುರ, ನಿಜ. ಆದರೆ ಬೆಳಕನ್ನು ಒಳಗೆ ಬಿಡುವುದಿಲ್ಲ, ಕ್ಲೋಸಪ್‌ನಲ್ಲಿ ರಬ್ಬರ್ ಅಂತ ಗೊತ್ತಾಗಿಬಿಡುತ್ತದೆ. ಉಳಿದದ್ದು ಪ್ಲಾಟಿನಂ ಸಿಲಿಕೋನ್, ಎರಡು ದ್ರವ ಬೆರೆಸಿ ಎರಕ ಹೊಯ್ದರೆ ಗಟ್ಟಿಯಾಗುವ ವಸ್ತು. ಅದರ ಬೆಲೆ ನಿಮಗೆ ಹೇಳಬೇಕಾಗಿಲ್ಲ. ಮೇಕಪ್‌ಗೆ ಕೊಟ್ಟ ದುಡ್ಡಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಅದೇ ನುಂಗಿತು.

ಅದರಲ್ಲೂ ಮೊದಲ ದೊಡ್ಡ ಎರಕ ಪೂರ್ತಿ ಕಸಕ್ಕೆ ಹೋಯಿತು. ಆಕಾರವನ್ನು ಮೊದಲು ಕ್ಲೇನಲ್ಲಿ ಕೆತ್ತಿ, ಅದರ ಮೋಲ್ಡ್ ತೆಗೆದು, ಅದರೊಳಗೆ ಸಿಲಿಕೋನ್ ಸುರಿಯುವುದು ಕ್ರಮ. ಗಂಧಕ ಇಲ್ಲ ಅಂತ ಹೇಳಿ ಮಾರಿದ್ದ ಕ್ಲೇನಲ್ಲಿ ಗಂಧಕ ಇತ್ತು. ಮೋಲ್ಡ್‌ನಲ್ಲಿ ಉಳಿದ ಅದರ ಪಸೆ ಸಾಕಾಯಿತು, ಸಿಲಿಕೋನ್ ಸೆಟ್ ಆಗಲೇ ಇಲ್ಲ. ದಿನಗಟ್ಟಲೆ ಬಿಟ್ಟರೂ ಅಂಟಂಟು. ಅವತ್ತಿನಿಂದ ಹೊಸ ಕ್ಲೇ ಬಂದರೆ ಅದರ ಮೇಲೆ ಒಂದು ಚಮಚ ಸಿಲಿಕೋನ್ ಸುರಿದು, ಗಟ್ಟಿಯಾದ ಮೇಲೆಯೇ ಕೆತ್ತಲು ಕೂರುತ್ತೇನೆ. ಸಹಾಯಕ್ಕೆ ಬಂದವರ ಕೈಯಿಂದ ಲ್ಯಾಟೆಕ್ಸ್ ಗ್ಲೌಸ್ ಬಿಡಿಸುವುದು ಇನ್ನೊಂದು ಕೆಲಸ. ಅದೂ ಇದೇ ಕಾಟ ಕೊಡುತ್ತದೆ ಅಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಇಡೀ ಬೆನ್ನಿಗೆ ಒಂದೇ ತುಂಡು ಮಾಡು ಅನ್ನುವುದು ಎಲ್ಲರ ಸಲಹೆಯಾಗಿತ್ತು. ಆದರೆ ಹಾಲಿವುಡ್‌ನ ಮೇಕಪ್ ಕಲಾವಿದ ಡಿಕ್ ಸ್ಮಿತ್ ಎಂದೋ ಮುಖಕ್ಕೆ ಒಂದರ ಅಂಚಿನ ಮೇಲೊಂದು ಕೂರುವ ಸಣ್ಣ ತುಂಡುಗಳನ್ನು ಬಳಸಿ ದಾರಿ ತೋರಿಸಿದ್ದಾರೆ. ಬೆನ್ನಿಗೆ ಯಾಕಾಗಬಾರದು? ಭುಜದ ಮೂಳೆಗಳ ಮೇಲೆ ಎರಡು, ಬೆನ್ನುಮೂಳೆಗೆ ಉದ್ದ ಪಟ್ಟಿ, ಪಕ್ಕೆಗೆ ಸಣ್ಣಸಣ್ಣವು. ಒಂದು ಹರಿದರೆ ಅದೊಂದನ್ನೇ ಬದಲಿಸಿದರಾಯಿತು, ದುಡ್ಡೂ ಉಳಿಯಿತು. ನಟಿ ಬಾಗಿದಾಗ ತುಂಡುಗಳ ನಡುವೆ ಅವಳದೇ ಚರ್ಮ ಅಲುಗುತ್ತದೆ. ನೋಡುವವರು ಮೋಸ ಹೋಗುವುದು ಅಲ್ಲೇ. ಸಿಲಿಕೋನ್‌ನ ಎರಡು ಭಾಗಗಳಾದ ಎ, ಬಿ, ಜೊತೆಗೆ ಅದನ್ನು ಮೆತ್ತಗಾಗಿಸುವ ಡೆಡ್ನರ್, ಮೂರೂ ಸಮ ತೂಕ. ಪಕ್ಕೆಯ ತುಂಡುಗಳಿಗೆ ಡೆಡ್ನರ್ ಸ್ವಲ್ಪ ಜಾಸ್ತಿ. ಹೊರಗೆ ಕ್ಯಾಪ್ ಪ್ಲಾಸ್ಟಿಕ್ (ದ್ರವವಾಗಿ ಹಚ್ಚಿ ಒಣಗಿಸುವ ತೆಳು ಪ್ಲಾಸ್ಟಿಕ್) ಪದರ ಇರಲೇಬೇಕು, ಇಲ್ಲದಿದ್ದರೆ ಅಷ್ಟು ಮೆತ್ತಗಿನದ್ದು ಕೈಯಲ್ಲೇ ಹರಿಯುತ್ತದೆ.

ಪೊರೆಗೆ ಮಾತ್ರ ಲ್ಯಾಟೆಕ್ಸ್. ನನ್ನ ಮುಂಗೈಯ ಅಚ್ಚು ತೆಗೆದು, ಅದರೊಳಗೆ ಮೂರೋ ನಾಲ್ಕೋ ತೆಳು ಕೋಟ್ ಹಚ್ಚಿದೆ. ಪೌಡರ್ ಹಾಕಿ ಬಿಡಿಸಿದರೆ ಚರ್ಮದ ರಂಧ್ರ, ಗೆರೆ ಎಲ್ಲ ಅದರಲ್ಲಿ ಕಾಣುತ್ತದೆ. ಅಂಥ ಹಾಳೆಗಳನ್ನು ಅಂಚು ಸೇರಿಸಿ ಬೆನ್ನಿನಷ್ಟು ಅಗಲ ಮಾಡಿಕೊಂಡೆ. ಬೆನ್ನುಮೂಳೆಯ ನೇರಕ್ಕೆ ಮೊದಲೇ ತೆಳುವಾಗಿಸಿದ ಒಂದು ಗೆರೆ ಇದೆ, ಅದು ಅಲ್ಲೇ ಸೀಳಬೇಕು. ಪೊರೆಗೂ ಒಳಚರ್ಮಕ್ಕೂ ನಡುವೆ ಹಸಿಹಸಿಯಾಗಿ ಎಳೆಯುವ ಪದಾರ್ಥ ಏನು ಅಂತ ತುಂಬ ಜನ ಕೇಳಿದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ. ಗ್ಲಿಸರಿನ್ ಇದೆ, ಇಷ್ಟು ಹೇಳಬಲ್ಲೆ.

ಒಳಗಿನಿಂದ ಏನೋ ತಳ್ಳುವಂತೆ ಕಾಣಿಸಲು ಗಾಳಿಚೀಲಗಳು. ಸಣ್ಣ ಪಂಪ್ ಕೊಂಡು ತಂದೆ, ದಂಡ. ಒಂದೇ ಸಮ ಉಬ್ಬುತ್ತದೆ, ಯಂತ್ರ ಅಂತ ಗೊತ್ತಾಗುತ್ತದೆ. ಅದನ್ನು ಬದಿಗಿಟ್ಟು ಟ್ಯೂಬನ್ನು ಸೊಂಟದ ಪಕ್ಕದಿಂದ ಹೊರತಂದು ಬಾಯಲ್ಲೇ ಊದಿದೆವು. ಮೂರು ಜನ ನೆಲದ ಮೇಲೆ ಮಲಗಿಕೊಂಡು, ಒಬ್ಬೊಬ್ಬರದು ಒಂದೊಂದು ಲಯ. ಫ್ರೇಮಿನ ಹೊರಗೆ ನೋಡಿದರೆ ನಗು ತಡೆಯಲಾಗುತ್ತಿರಲಿಲ್ಲ, ಮಾನಿಟರ್ ನೋಡಿದವರು ಮಾತ್ರ ಸುಮ್ಮನಾದರು.

ಇದರ ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹೊಸ ಚರ್ಮದಿಂದ ಕೂದಲು ಹೊರಬರುವ ಶಾಟ್. ಸಿಲಿಕೋನ್ ಕೈಗೆ ಕೂದಲು ತೂರಿಸಿ, ಹಿಂದಿನಿಂದ ಒಳಕ್ಕೆ ಎಳೆದು ಶೂಟ್ ಮಾಡಿ, ಉಲ್ಟಾ ಓಡಿಸುವುದು. ಹಳೆಯ ಉಪಾಯವೇ. ಆದರೆ ಬೆವರಿಗೆಂದು ಇಟ್ಟಿದ್ದ ಗ್ಲಿಸರಿನ್ ಹನಿಯೊಂದು ಟೇಕ್ ನಡುವೆ ಕೆಳಗೆ ಜಾರಿತ್ತು. ಉಲ್ಟಾ ಓಡಿಸಿದಾಗ ಹನಿ ಕೈಮೇಲೆ ಹತ್ತಿ ಹೋಯಿತು! ತೆಗೆದುಹಾಕೋಣ ಅಂತಿದ್ದೆ, ನಿರ್ದೇಶಕರು ಬಿಡಲಿಲ್ಲ. ಕೂದಲಿಗಿಂತ ಜನ ಹೆದರಿದ್ದು ಆ ಹನಿಗೆ.

ಬೆನ್ನು ಬಿಟ್ಟರೆ ನನಗೆ ಹೆಮ್ಮೆ ಇರುವುದು ಮೊದಲ ಹಂತದ ಬಗ್ಗೆ. ಕಿವಿಯ ಹಿಂದೆ ಬರೀ ಕೆಂಪು, ಎರಡು ಸಣ್ಣ ಬಿರುಕು, ಅಷ್ಟೇ. ಅದೂ ಒಂದೇ ಕಿವಿಗೆ. ಎರಡೂ ಕಡೆ ಮಾಡಿದ್ದರೆ ಮೇಕಪ್ ಅನ್ನಿಸುತ್ತಿತ್ತು. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬೆನ್ನಿನದ್ದೆಲ್ಲ ಅಂಟಿಸಲು ನಾಲ್ಕು ಗಂಟೆಯ ಹತ್ತಿರ ಬೇಕಾಯಿತು, ಬಿಡಿಸಲು ಒಂದು ಗಂಟೆ. ನಿರ್ಮಾಪಕರು ಆ ಒಂದು ಗಂಟೆಯನ್ನೇ ಕತ್ತರಿಸಲು ನೋಡುತ್ತಾರೆ, ಒಪ್ಪಬೇಡಿ. ಅಂಟು ಬಿಡಿಸುವ ಎಣ್ಣೆಯಂಥ ದ್ರವ ಐಸೊಪ್ರೊಪೈಲ್ ಮಿರಿಸ್ಟೇಟ್ ಹಚ್ಚಿ, ಬ್ರಷ್‌ನಲ್ಲಿ ಅಂಚಿನಡಿ ನಿಧಾನ ಹೋಗಬೇಕು. ಎಳೆದರೆ ಚರ್ಮ ಕೆಂಪಾಗಿ ಮರುದಿನ ಅಂಟು ಹಚ್ಚಲು ಆಗುವುದಿಲ್ಲ, ಆಗ ಇಡೀ ದಿನದ ಶೂಟಿಂಗ್ ಖರ್ಚು ಅವರದ್ದೇ. ಈ ಲೆಕ್ಕ ಹೇಳಿದ ಮೇಲೆ ನಮ್ಮವರು ಕೇಳಿದಷ್ಟು ಸಮಯ ಕೊಟ್ಟರು.