ಬಿ.ಪಿ. ಮಾತ್ರೆಯ ಜೊತೆ ನೋವಿನ ಮಾತ್ರೆ: ವೈದ್ಯರ ಚೀಟಿ ಬದಲಾದ ಬಗೆ

ವೈದ್ಯರು ಬರೆದ ಚೀಟಿಯನ್ನು ಪ್ರಶ್ನಿಸಿದರೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ ಎಂದು ನಮ್ಮ ವೃತ್ತಿಯವರೇ ನನ್ನನ್ನು ಎಚ್ಚರಿಸಿದ್ದರು. ಮಧುಗಿರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ನನಗೆ ಆ ಭಯ ಇರಲಿಲ್ಲವೆಂದಲ್ಲ. ಆದರೂ ಇಂದು ನನ್ನ ಅಂಗಡಿಗೆ ಚೀಟಿ ಬರುವ ಹನ್ನೊಂದು ಮಂದಿ ವೈದ್ಯರಲ್ಲಿ ಎಂಟು ಮಂದಿ, ಬಿ.ಪಿ. ಮಾತ್ರೆ ನುಂಗುತ್ತಿರುವ ವಯಸ್ಸಾದವರಿಗೆ ನೋವಿನ ಮಾತ್ರೆ ಬರೆಯುವ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಅಂಶ) ಎಷ್ಟಿದೆ ಎಂದು ಕೇಳುತ್ತಾರೆ.

ಪಾವಗಡ, ಮಧುಗಿರಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಐವತ್ತು ದಾಟಿದವರಲ್ಲಿ ಮಂಡಿ, ಸೊಂಟ ಹಿಡಿಯದವರು ಕಡಿಮೆ. ಬಿ.ಪಿ.ಗೆಂದು ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆಯನ್ನು ಒಬ್ಬ ವೈದ್ಯರು ಬರೆದಿರುತ್ತಾರೆ. ನೋವಿಗೆಂದು ಮತ್ತೊಬ್ಬರ ಬಳಿ ಹೋದಾಗ ಅಸೆಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಸೇರಿಕೊಳ್ಳುತ್ತದೆ. ಈ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಅದರಲ್ಲೂ ಬೇಸಿಗೆಯಲ್ಲಿ ಭೇದಿಯಾಗಿ ದೇಹದ ನೀರು ಕಡಿಮೆಯಾದಾಗ ಅಪಾಯ ಇನ್ನೂ ಹೆಚ್ಚು.

ಮೊದಲು ದೂರವಾಣಿಯಲ್ಲಿ ಮಾತನಾಡಲು ಯತ್ನಿಸಿದೆ. ರೋಗಿಗಳು ಸಾಲಾಗಿ ಕುಳಿತಿರುವ ಹೊತ್ತಿನಲ್ಲಿ ನನ್ನ ಕರೆ ಯಾರಿಗೂ ಹಿಡಿಸಲಿಲ್ಲ. ಆಮೇಲೆ ಒಟ್ಟಿಗೆ ಕೊಡಬಾರದ ಸುಮಾರು ನಲವತ್ತು ಔಷಧ ಜೋಡಿಗಳ ಪಟ್ಟಿಯನ್ನು ಸುಮಾರು ಸಾವಿರದ ಎಂಟುನೂರು ರೂಪಾಯಿ ಖರ್ಚು ಮಾಡಿ ಅಚ್ಚು ಹಾಕಿಸಿ, ಎಲ್ಲ ವೈದ್ಯರಿಗೂ ಕೊಟ್ಟು ಬಂದೆ. ಅದು ನನ್ನ ದೊಡ್ಡ ತಪ್ಪು. "ಬರೆಯುವುದು ನನ್ನ ಕೆಲಸ, ಕೊಡುವುದು ನಿಮ್ಮ ಕೆಲಸ" ಎಂದ ಹಿರಿಯ ವೈದ್ಯರೊಬ್ಬರು ತಮ್ಮ ರೋಗಿಗಳನ್ನು ಬೇರೆ ಅಂಗಡಿಗೆ ಕಳುಹಿಸತೊಡಗಿದರು. ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ನಲವತ್ತು ಸಾವಿರ ರೂಪಾಯಿಯ ವ್ಯಾಪಾರ ಕೈತಪ್ಪಿತು. ನಡುವೆ, ಮಾತ್ರೆಯ ಪಟ್ಟಿಗಳ ಮೇಲೆ ಕೆಂಪು ಚೀಟಿ ಅಂಟಿಸುವ ಪ್ರಯೋಗವನ್ನೂ ಮಾಡಿದೆ; ನಾಲ್ಕು ಮಾತ್ರೆ ಕತ್ತರಿಸಿ ಕೊಡುವ ನಮ್ಮ ಕಡೆ ಅದು ನಿಲ್ಲಲಿಲ್ಲ.

ದಾರಿ ತೋರಿಸಿದವರು ಮಿಡಿಗೇಶಿ ಕಡೆಯ ಒಬ್ಬ ಅಜ್ಜಿ. ಎಲೆಯಡಿಕೆ ಚೀಲದಿಂದ ಅವರು ತೆಗೆದಿಟ್ಟ ಮೂರು ತುಂಡು ಪಟ್ಟಿಗಳಲ್ಲಿ ಒಂದು ಬಿ.ಪಿ. ಮಾತ್ರೆಯದು, ಉಳಿದೆರಡೂ ಬೇರೆ ಬೇರೆ ಹೆಸರಿನ ನೋವಿನ ಮಾತ್ರೆಗಳು. "ಕಾಲು ಊದ್ಕೊಂಡೈತಪ್ಪ, ಇನ್ನೊಂದು ಮಾತ್ರೆ ಕೊಡು" ಎಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.9 ಬಂತು, ಕೆಲವು ತಿಂಗಳ ಹಿಂದಿನ ವರದಿಯಲ್ಲಿ 1.1 ಇತ್ತು. ಅಂಗೈ ಅಗಲದ ಕಾಗದದಲ್ಲಿ ಆ ಎರಡು ಅಂಕಿ, ಮೂರು ಮಾತ್ರೆಗಳ ಹೆಸರು, ಕೊನೆಗೆ ಒಂದೇ ಪ್ರಶ್ನೆ ಬರೆದೆ: "ಈ ತಾಯಿಗೆ ಸದ್ಯ ಪ್ಯಾರಾಸಿಟಮಾಲ್ ಮಾತ್ರ ಸಾಕಾಗಬಹುದೇ ಎಂದು ತಾವು ದಯವಿಟ್ಟು ನೋಡಬೇಕು." ಮುಚ್ಚಿದ ಲಕೋಟೆಯಲ್ಲಿಟ್ಟು ಅಜ್ಜಿಯ ಕೈಯಲ್ಲೇ ವೈದ್ಯರಿಗೆ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಚೀಟಿ ಹಿಂದಿರುಗಿತು. ಎರಡೂ ನೋವಿನ ಮಾತ್ರೆಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದ್ದರು. ಬರೆದವರು ಅದೇ ಹಿರಿಯ ವೈದ್ಯರು. ಮೂರು ವಾರಗಳ ಬಳಿಕ ಕ್ರಿಯಾಟಿನಿನ್ 1.3ಕ್ಕೆ ಇಳಿದಿತ್ತು, ಆ ವರದಿಯನ್ನೂ ಅವರಿಗೆ ತಲುಪಿಸಿದೆ.

ಅಂದಿನಿಂದ ಇದೇ ಕ್ರಮ. ಒಂದು ಕಾಗದದಲ್ಲಿ ಒಬ್ಬರೇ ರೋಗಿ, ಒಂದೇ ತೊಂದರೆ, ಒಂದೇ ಬದಲಿ. ಚೀಟಿ ತಿದ್ದುವ ಅಧಿಕಾರ ನಮಗಿಲ್ಲ, ಆದ್ದರಿಂದ ತಿದ್ದುಪಡಿ ವೈದ್ಯರ ಕೈಬರಹದಲ್ಲೇ ಬರಬೇಕು. ಅದರಿಂದ ಮುಂದಿನ ರೋಗಿಗೆ ಬರೆಯುವಾಗಲೂ ಅವರಿಗೆ ನೆನಪಿರುತ್ತದೆ. ತಿಂಗಳಿಗೆ ಇಪ್ಪತ್ತು ಕ್ರಿಯಾಟಿನಿನ್ ಪರೀಕ್ಷೆಗಳ ಭರವಸೆ ಕೊಟ್ಟು ಪಕ್ಕದ ಪ್ರಯೋಗಾಲಯದಿಂದ ದರವನ್ನು ಅರ್ಧಕ್ಕೆ ಇಳಿಸಿಕೊಂಡೆ. ನೋವಿನ ಮಾತ್ರೆಗಳ ಮಾರಾಟ ಮೂರರಲ್ಲಿ ಒಂದು ಭಾಗ ಕುಸಿದು ಸ್ಟಾಕಿಸ್ಟರ (ಸಗಟು ಔಷಧ ಮಾರಾಟಗಾರರ) ರಿಯಾಯಿತಿ ತಪ್ಪಿತಾದರೂ, ಬಿ.ಪಿ., ಸಕ್ಕರೆ ಕಾಯಿಲೆಯವರು ನನ್ನ ಅಂಗಡಿಯಲ್ಲೇ ನಿಂತಿದ್ದರಿಂದ ಒಂದೂವರೆ ವರ್ಷದಲ್ಲಿ ನಷ್ಟ ತುಂಬಿತು. ಮೊದಲ ಕಾಗದವನ್ನು ಯಾವ ವೈದ್ಯರಿಗೆ, ಯಾವ ಹೊತ್ತಿನಲ್ಲಿ ಕಳುಹಿಸಬೇಕು ಎಂಬ ಗುಟ್ಟನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಟ್ರಮಡಾಲ್ ಎಂಬ ಕಡು ನೋವಿನ ಮಾತ್ರೆಯ ಜೊತೆ ನಿದ್ದೆಗೆಂದು ನುಂಗುವ ಆಲ್‌ಪ್ರಜೊಲಾಮ್ ಬಂದಾಗಲೂ ಇದೇ ಉಪಾಯ ಮಾಡಿದೆ. ಇಂಥ ಜೋಡಿಯಿಂದ ಉಸಿರಾಟ ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿದೆ. ಇಲ್ಲಿ ಗೆಲುವು ಅರ್ಧದಷ್ಟೇ, ಏಕೆಂದರೆ ವರ್ಷಗಟ್ಟಲೆ ನಿದ್ದೆಯ ಮಾತ್ರೆ ನುಂಗಿದವರಿಗೆ ಅದನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಇಳಿಸಬೇಕು. ಎದೆನೋವಿನ ನೈಟ್ರೇಟ್ ಮಾತ್ರೆಯೊಂದಿಗೆ ಸಿಲ್ಡೆನಾಫಿಲ್ (ಪುರುಷರ ಲೈಂಗಿಕ ದೌರ್ಬಲ್ಯದ ಮಾತ್ರೆ) ಬಂದರೆ, ಎರಡೂ ಕೂಡಿ ಬಿ.ಪಿ. ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ, ಕಾಗದ ಬರೆಯುತ್ತಾ ಕೂರುವುದಿಲ್ಲ. ಮಾತ್ರೆ ಕೊಡದೆ ತಕ್ಷಣ ವೈದ್ಯರಿಗೆ ಕರೆ ಮಾಡುತ್ತೇನೆ.

ಉಳಿದ ಮೂವರು ವೈದ್ಯರಲ್ಲಿ ಒಬ್ಬರು ಕಳೆದ ತಿಂಗಳು ತಾವಾಗಿಯೇ ಒಂದು ಕಟ್ಟು ಖಾಲಿ ಕಾಗದ ಕೇಳಿ ಪಡೆದಿದ್ದಾರೆ. ಹಳ್ಳಿಯ ಚಿಲ್ಲರೆ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಗೆ ಮಾತ್ರ ನನ್ನ ಬಳಿ ಇನ್ನೂ ಉಪಾಯವಿಲ್ಲ.