ಬೋರಿಂಗಿನ ಪೈಪ್ ಎತ್ತುವ ಮೊದಲು ಹಿಡಿಕೆ ನೋಡಿರಿ

ಊರಿನ ಬೋರಿಂಗ್ (ಕೊಳವೆಬಾವಿಯ ಕೈಪಂಪು) ಕೈಕೊಟ್ಟಿತೆಂದರೆ ಮೊದಲು ಕೇಳುವ ಮಾತು “ಪೈಪ್ ಎತ್ತಸ್ರಿ”. ಹತ್ತು ಪೈಪಿನ ಬೋರಿಂಗ್ ಎಂದರೆ ಪೈಪು, ರಾಡು, ಒಳಗಿನ ನೀರು ಸೇರಿ ಒಂದೂವರೆ ಕ್ವಿಂಟಲ್ ತೂಕ. ಅಷ್ಟನ್ನು ಎತ್ತಿದ ಮೇಲೆ ತಪ್ಪು ಹಿಡಿಕೆಗೂ ರಾಡಿಗೂ ನಡುವಿನ ಮೇಲಿನ ಚೈನಿನಲ್ಲಿತ್ತು ಎಂದು ಗೊತ್ತಾದರೆ ದಿನ ಹಾಳು. ಗದಗ, ರೋಣ, ಮುಂಡರಗಿ ಕಡೆ ಊರೂರಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಪಂಪು ತನ್ನ ತೊಂದರೆಯನ್ನು ಹಿಡಿಕೆಯಲ್ಲೇ ಹೇಳುತ್ತದೆ.

ಮೊದಲು ಎರಡು ಪರೀಕ್ಷೆ ಮಾಡಿರಿ. ಒಂದನೆಯದು ನೀರಿನ ಅಳತೆ. ಈ ಪಂಪಿನಲ್ಲಿ ಪೈಪಿನ ಕೆಳತುದಿಯ ಸಿಲಿಂಡರಿನ ಒಳಗಾತ್ರ 63.5 ಮಿ.ಮೀ., ಅದರೊಳಗೆ ರಾಡಿನ ತುದಿಯಲ್ಲಿ ಮೇಲೆಕೆಳಗೆ ಆಡುವ ಪ್ಲಂಜರ್ ಓಡುವುದು 125 ಮಿ.ಮೀ. ಅಂದರೆ ಒಂದು ಪೂರ್ತಿ ಹೊಡೆತಕ್ಕೆ ಹೆಚ್ಚುಕಡಿಮೆ 400 ಮಿ.ಲೀ., ನಲವತ್ತು ಹೊಡೆತಕ್ಕೆ 15 ಲೀಟರಿನ ಬಕೆಟ್ ತುಂಬಬೇಕು. ಒಂದು ನಿಮಿಷದಲ್ಲಿ ನಲವತ್ತು ಹೊಡೆತ ಹೊಡೆದು ನೋಡಿರಿ. 10 ಲೀಟರಿಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಪ್ಲಂಜರಿನ ಬಟ್ಟಲಿನಾಕಾರದ ಬಕೆಟ್ ವಾಷರ್ ಸವೆದಿರುತ್ತದೆ. ಎರಡನೆಯದು ಸೋರಿಕೆಯ ಪರೀಕ್ಷೆ. ನೀರು ಚೆನ್ನಾಗಿ ಬರುವಾಗ ನಿಲ್ಲಿಸಿ, ಅರ್ಧ ತಾಸು ಯಾರೂ ಮುಟ್ಟದಂತೆ ಬಿಟ್ಟು, ಮತ್ತೆ ಹೊಡೆಯಿರಿ. ಐದು ಹೊಡೆತದೊಳಗೆ ನೀರು ಬಂದರೆ ಸರಿ. ಹತ್ತು, ಹದಿನೈದು ಹೊಡೆತ ಬೇಕಾದರೆ ಪೈಪಿನೊಳಗಿನ ನೀರು ಕೆಳಗೆ ಇಳಿದುಹೋಗುತ್ತಿದೆ: ಸಿಲಿಂಡರಿನ ತಳದಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರುತ್ತಿದೆ, ಇಲ್ಲವೇ ಪೈಪೇ ತೂತಾಗಿದೆ.

ನೀರು ಬಾರದಿದ್ದಾಗ ಮೇಲಿನಿಂದ ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಇದರ ಸಿಲಿಂಡರ್ ಕೆಳಗೆ ನೀರಿನಲ್ಲೇ ಮುಳುಗಿರುತ್ತದೆ, ಆದ್ದರಿಂದ ಅದು ದಂಡ. ಮಾಡಬೇಕಾದದ್ದು ಹಿಡಿಕೆಯ ಭಾರ ನೋಡುವುದು. ತೀರಾ ಹಗುರವಾಗಿ, ಏನೂ ಕಟ್ಟಿಲ್ಲದಂತೆ ಆಡಿದರೆ ರಾಡ್ ಮುರಿದಿದೆ ಅಥವಾ ರಾಡುಗಳನ್ನು ಜೋಡಿಸುವ ಕಪ್ಲಿಂಗ್ ಬಿಚ್ಚಿದೆ. ಭಾರ ಎಂದಿನಷ್ಟೇ ಇದ್ದು ನೀರಿಲ್ಲವೆಂದರೆ ವಾಷರ್, ವಾಲ್ವ್ ಅಥವಾ ನೀರಿನ ಮಟ್ಟ. ಮುಂಜಾನೆ ನಾಲ್ಕು ಕೊಡ ಚೆನ್ನಾಗಿ ಬಂದು, ಆಮೇಲೆ ಗಾಳಿ ಸೇರಿ ಬಿಟ್ಟುಬಿಟ್ಟು ಬರುತ್ತಿದ್ದರೆ ಪಂಪಿನ ತಪ್ಪಲ್ಲ. ಬೇಸಿಗೆಯಲ್ಲಿ ನೀರು ಸಿಲಿಂಡರಿನ ಕೆಳಗೆ ಇಳಿದಿದೆ. ಬೋರು ಆಳವಿದ್ದರೆ ಒಂದೆರಡು ಪೈಪು, ಅಷ್ಟೇ ರಾಡು ಸೇರಿಸಬಹುದು.

ಹಿಡಿಕೆ ಮೇಲೆತ್ತುವಾಗ ಚೈನು ಮಡಚಿಕೊಳ್ಳುತ್ತದೆಯೇ? ರಾಡು ತನ್ನ ಭಾರಕ್ಕೆ ಕೆಳಗಿಳಿಯುತ್ತಿಲ್ಲ ಎಂದರ್ಥ. ಚರ್ಮದ ವಾಷರ್ ನೀರು ಕುಡಿದು ಉಬ್ಬಿ ಸಿಲಿಂಡರಿನಲ್ಲಿ ಬಿಗಿಯಾದಾಗ ಹೀಗಾಗುತ್ತದೆ. ಬದಲಿಸುವಾಗ ನೈಟ್ರೈಲ್ ರಬ್ಬರಿನದೇ ತನ್ನಿರಿ. ಹಿಡಿಕೆ ಅಡ್ಡ ಅಲುಗಾಡಿದರೆ ಆಕ್ಸಲ್ ನಟ್ ಬಿಗಿ ಮಾಡಿರಿ; ಆದರೂ ನಿಲ್ಲದಿದ್ದರೆ 6204 ನಂಬರಿನ ಎರಡೂ ಬೇರಿಂಗ್ ಬದಲಿಸಿರಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ.

ಎತ್ತಲೇಬೇಕಾದಾಗ ಮೇಲಿನ ಕವರ್ ತೆಗೆದು, ಚೈನಿನ ಕೆಳಗೆ ರಾಡನ್ನು ವೈಸಿನಲ್ಲಿ ಹಿಡಿದು, ಆಮೇಲೆ ಚೈನಿನ ಬೋಲ್ಟ್ ಬಿಚ್ಚಿರಿ. ವೈಸ್ ಹಾಕದೆ ಬಿಚ್ಚಿದರೆ ಸಾಲು ರಾಡು ಸರ್ರನೆ ಒಳಗೆ ಹೋಗುತ್ತದೆ. ಚೈನಿನ ಬೋಲ್ಟಿಗೆ 17ರ ಪಾನಾ, ಪಂಪಿನ ಭಾಗಗಳು ಕೂಡುವ ಚಪ್ಪಟೆ ಅಂಚಿನ (ಫ್ಲಾಂಜ್) ಬೋಲ್ಟುಗಳಿಗೆ 19ರದು. ಪೈಪ್ ಕ್ಲ್ಯಾಂಪ್ ಗಟ್ಟಿ ಹಿಡಿಯಿತೇ ಎಂದು ಪ್ರತಿ ಸಲ ನೋಡಿಯೇ ಮೇಲಿನ ಪೈಪು ತಿರುಗಿಸಿರಿ, ಎತ್ತುವವರ ಕೈ ಕ್ಲ್ಯಾಂಪಿನ ಕೆಳಗೆ ಇರಕೂಡದು. ಬಿಚ್ಚಿದ ಪೈಪು, ರಾಡುಗಳನ್ನು ಎರಡು ಕಟ್ಟಿಗೆಯ ಮೇಲೆ ಸಾಲಾಗಿ ಇಡಿರಿ, ಮಣ್ಣಿಗೆ ತಾಗಿಸಬೇಡಿ.

ಬಿಚ್ಚುವಾಗ ಪ್ರತಿ ಪೈಪಿನ ಬಾಯಿ ಗಮನಿಸಬೇಕು. ಮೊದಲ ಮೂರು ಪೈಪು ಒಣಗಿದ್ದು ನಾಲ್ಕನೆಯದರಲ್ಲಿ ಅಂಚಿನವರೆಗೆ ನೀರು ನಿಂತಿದ್ದರೆ, ಸೋರಿಕೆ ಆ ಜೋಡಣೆಯ ಸುತ್ತಮುತ್ತಲೇ ಇದೆ. ಮೇಲೆತ್ತಿದಂತೆಲ್ಲ ನೀರು ಕೆಳಗಿಳಿಯುತ್ತ ಹೋಗಿ ಕೊನೆಯವರೆಗೂ ಪೈಪು ಖಾಲಿಯೇ ಬಂದರೆ ಫುಟ್ ವಾಲ್ವ್. ರೋಣ, ನರಗುಂದದ ಎರಿ ನೆಲದ ಸವುಳು ನೀರಿನಲ್ಲಿ ಪೈಪು ಮೊದಲು ತೂತಾಗುವುದು ಥ್ರೆಡ್ಡಿನ ಬುಡದಲ್ಲಿ, ಕಬ್ಬಿಣ ತೆಳ್ಳಗಾಗಿರುವುದು ಅಲ್ಲೇ. ಜಂಗು ಕೆರೆದು ಉಗುರಿನಿಂದ ಒತ್ತಿ ನೋಡಿರಿ. ಮೆತ್ತಗೆ ಚಕ್ಕೆ ಎದ್ದರೆ ಆ ಪೈಪನ್ನು ಮತ್ತೆ ಇಳಿಸಬೇಡಿ.

ಈಗ ಸಿಲಿಂಡರ್. ವಾಷರನ್ನು ಅಂಗೈಯಲ್ಲಿಟ್ಟು ಅಂಚಿನ ಮೇಲೆ ಹೆಬ್ಬೆರಳು ಸವರಿರಿ. ಚೆನ್ನಾಗಿದ್ದರೆ ತುಟಿ ಸುತ್ತಲೂ ಒಂದೇ ದಪ್ಪ. ಸವೆದದ್ದು ಒಂದು ಮಗ್ಗುಲಿಗೆ ಕಾಗದದಂತೆ ತೆಳುವಾಗಿ ಹೊಳೆಯುತ್ತದೆ. ಹಾಗಿದ್ದರೆ ರಾಡು ಬಾಗಿದೆಯೇ ನೋಡಿರಿ, ಇಲ್ಲದಿದ್ದರೆ ಹೊಸ ವಾಷರೂ ಅದೇ ಕಡೆ ಸವೆಯುತ್ತದೆ. ಹಿತ್ತಾಳೆಯ ಒಳಗೋಡೆಯಲ್ಲಿ ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಮರಳು ಬರುತ್ತಿದೆ, ಸಿಲಿಂಡರನ್ನೇ ಬದಲಿಸಬೇಕು. ಎರಡು ವಾಷರ್, ನಡುವೆ ಸ್ಪೇಸರ್, ಎರಡರ ತುಟಿಯೂ ಮೇಲ್ಮುಖ. ತಲೆಕೆಳಗಾಗಿ ಕೂರಿಸಿ ಇಡೀ ಸಾಲು ಇಳಿಸಿದರೆ ನೀರು ಏರುವುದಿಲ್ಲ. ಹೆಚ್ಚಾಗಿ ಆಗುವ ತಪ್ಪು ಇದೇ. ಇಳಿಸುವ ಮೊದಲು ಸಿಲಿಂಡರನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿ ರಾಡನ್ನು ಕೈಯಿಂದ ಎಳೆದು ಬಿಡಿರಿ, ಮೇಲಿನಿಂದ ನೀರು ಉಕ್ಕಬೇಕು. ಆಮೇಲೆ ತುಂಬಿದ ಸಿಲಿಂಡರನ್ನು ಎತ್ತಿ ಹಿಡಿಯಿರಿ. ತಳದಿಂದ ಹನಿ ಬಿದ್ದರೆ ಫುಟ್ ವಾಲ್ವಿನ ರಬ್ಬರಿನ ಕೆಳಗೆ ಕಸ ಕೂತಿದೆ, ಬಿಚ್ಚಿ ತೊಳೆಯಿರಿ.

ಪಂಪು ಕೂರಿಸುವ ಮುಂಚೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಒಂದು ಬಕೆಟ್ ನೀರಿನಲ್ಲಿ ಕಲಸಿ, ತಿಳಿಯಾದ ಮೇಲಿನ ನೀರನ್ನು ಮಾತ್ರ ಬೋರಿನೊಳಗೆ ಸುರಿಯಿರಿ. ಪಂಪು ಕೂರಿಸಿದ ಮೇಲೆ ರಾತ್ರಿಯಿಡೀ ಯಾರೂ ನೀರು ಹಿಡಿಯದಂತೆ ಹಿಡಿಕೆ ಕಟ್ಟಿ, ಮರುದಿನ ವಾಸನೆ ಹೋಗುವವರೆಗೆ ಹೊಡೆದು ಚೆಲ್ಲಿರಿ. ಬ್ಲೀಚಿಂಗ್ ಕ್ರಿಮಿಗೆ ಮದ್ದೇ ಹೊರತು ಫ್ಲೋರೈಡಿಗೆ ಅಲ್ಲ. ಮುಂಡರಗಿ ಕಡೆಯಂತೆ ಫ್ಲೋರೈಡಿನ ಊರಾದರೆ ನೀರನ್ನು ಪರೀಕ್ಷೆಗೆ ಕೊಡಿರಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಬಟ್ಟೆ, ಪಾತ್ರೆಗಷ್ಟೇ.

ಚೈನಿಗೆ ತಿಂಗಳಿಗೊಮ್ಮೆ ಗ್ರಾಫೈಟ್ ಗ್ರೀಸು ಹಚ್ಚಿ, ಅದೇ ದಿನ ಫ್ಲಾಂಜಿನ ಎಂಟೂ ಬೋಲ್ಟುಗಳಿಗೆ ಪಾನಾ ಹಾಕಿ ನೋಡಿರಿ.